ಜೋಡಿ ಸೀನು

ಸೀನುವ ವಿಷಯದಲ್ಲಿ ನಾನು ಬಡವಳು. ಇದನ್ನು ಒಪ್ಪಿಕೊಳ್ಳಲು ಮೊದಲು ನಾಚಿಕೆಯಾಗುತ್ತಿತ್ತು, ಈಗ ಅಭ್ಯಾಸವಾಗಿದೆ. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ನಡೆಯುವುದಕ್ಕೆ, ಕೂರುವುದಕ್ಕೆ, ಬಾಗಿಲು ಮುಚ್ಚುವುದಕ್ಕೆ ಒಂದೊಂದು ಕ್ರಮವಿದ್ದ ಹಾಗೆ ಸೀನುವುದಕ್ಕೂ ಒಂದು ಕ್ರಮವಿತ್ತು. ಮೂಗಿನೊಳಗೆ ಇರುವೆ ಹರಿದಂತಾದ ಕೂಡಲೇ ರವಿಕೆಯ ತೋಳಿಗೆ ಸಿಕ್ಕಿಸಿಕೊಂಡ ಕರವಸ್ತ್ರ ತೆಗೆಯಬೇಕು, ಮುಖವನ್ನು ಗೋಡೆಯ ಕಡೆ ತಿರುಗಿಸಬೇಕು, ಮೂಗು ಬಾಯಿ ಎರಡನ್ನೂ ಮುಚ್ಚಿಕೊಂಡು ಬೆಕ್ಕಿನ ಮರಿ ಸೀನಿದಷ್ಟೇ ಸದ್ದು ಮಾಡಬೇಕು, ಆಮೇಲೆ ಹತ್ತಿರವಿದ್ದವರಲ್ಲಿ ಕ್ಷಮೆ ಕೇಳಬೇಕು. ಹತ್ತಿರ ಯಾರೂ ಇಲ್ಲದಿದ್ದರೆ ಗೋಡೆಯಲ್ಲಾದರೂ ಕೇಳಬೇಕು. ನಮಗೆ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು, ಹುಡುಗಿಯ ಸೀನು ಕೇಳಿದರೆ ಅವಳ ಮನೆತನ ಗೊತ್ತಾಗುತ್ತದೆ ಎನ್ನುತ್ತಿದ್ದರು. ನಾನು ಅದನ್ನು ವೇದವಾಕ್ಯವೆಂದು ನಂಬಿ, ಹತ್ತು ವರ್ಷ ಅಭ್ಯಾಸ ಮಾಡಿ, ಸೀನು ಬಂದದ್ದು ನನಗೇ ಗೊತ್ತಾಗದ ಮಟ್ಟಕ್ಕೆ ಪಳಗಿದ್ದೆ.

ಹೀಗೆ ಪಳಗಿದ ಮೂಗನ್ನು ಹೊತ್ತುಕೊಂಡು ಶಿಕಾರಿಪುರದ ಸೊಸೆಯಾಗಿ ಬಂದೆ. ಇಲ್ಲಿ ಬಂದು ನೋಡಿದರೆ ಸೀನು ಎಂಬುದು ಮುಚ್ಚಿಡುವ ವಸ್ತುವೇ ಅಲ್ಲ. ನಮ್ಮ ಮಾವನವರು ಊಟವಾದ ಮೇಲೆ ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿ ಸೀನಿದರೆಂದರೆ ಹಿತ್ತಲಲ್ಲಿ ಕಾಳು ಹೆಕ್ಕುತ್ತಿದ್ದ ಪಾರಿವಾಳಗಳು ಎದ್ದು ಮಠದ ಗೋಡೆಯ ಮೇಲೆ ಹೋಗಿ ಕೂರುತ್ತವೆ. ಎದುರು ಮನೆಯವರು ಅದನ್ನು ಕೇಳಿಯೇ ಅಂಗಡಿಗೆ ಹೊರಡುವ ಹೊತ್ತಾಯಿತೆಂದು ತಿಳಿಯುತ್ತಾರೆ. ಆದರೆ ನಮ್ಮ ಅತ್ತೆಯವರಿಗೆ ಸೀನಿನ ಸದ್ದಿಗಿಂತ ಲೆಕ್ಕ ಮುಖ್ಯ. ಒಂಟಿ ಸೀನು ಕೆಟ್ಟದ್ದು, ಜೋಡಿ ಸೀನು ಒಳ್ಳೆಯದು. ಹೊರಡುವಾಗ ಯಾರಾದರೂ ಒಂದೇ ಒಂದು ಸೀನಿದರೆ ಹೊರಟವರು ಒಳಗೆ ಬಂದು, ಮಣೆಯ ಮೇಲೆ ಕೂತು, ನೀರು ಕುಡಿದು, ಎರಡನೆಯ ಸೀನಿಗಾಗಿ ಕಾಯಬೇಕು. ಮದುವೆಯಾದ ಹೊಸತರಲ್ಲಿ ನಮ್ಮವರು ಹೀಗೆ ಕಾದು ಕಾದು ಎರಡು ಸಲ ಬಸ್ಸು ತಪ್ಪಿಸಿಕೊಂಡದ್ದನ್ನು ನಾನೇ ಕಂಡಿದ್ದೇನೆ. ಇಂಥ ಮನೆಯಲ್ಲಿ ನನ್ನ ಬೆಕ್ಕಿನ ಮರಿಯ ಸೀನಿಗೆ ಯಾವ ಬೆಲೆಯೂ ಇರಲಿಲ್ಲ. "ಅದೇನು ಸೀನೋ ಬಿಕ್ಕಳಿಕೆಯೋ, ಯಾವುದಂತ ಲೆಕ್ಕ ಹಿಡೀಲಿ" ಎಂದು ಅತ್ತೆ ಗೊಣಗುತ್ತಿದ್ದರು.

ಎರಡು ವರ್ಷದ ಹಿಂದೆ ಆ ಫ್ಲೂ ಜ್ವರ ಬಂತಲ್ಲ, ಆಗ ಸೀನಿನ ಬೆಲೆ ಒಮ್ಮೆಲೇ ಏರಿತು. ಯಾವುದೋ ಸಮುದ್ರದಾಚೆ ಹುಟ್ಟಿದ ಜ್ವರವಂತೆ, ಹಡಗಿನಲ್ಲಿ ಮದರಾಸಿಗೆ ಬಂತಂತೆ, ರೈಲಿನಲ್ಲಿ ಬೆಂಗಳೂರಿಗೆ ಬಂತಂತೆ. ಶಿಕಾರಿಪುರಕ್ಕೆ ಹೇಗೆ ಬಂತು ಎಂಬುದರ ಬಗ್ಗೆ ಮಾತ್ರ ಓಣಿಗೊಂದು ಮಾತಿತ್ತು. ನಮ್ಮ ಓಣಿಯವರು ಸಂತೆ ಬೀದಿಯಿಂದ ಬಂತೆಂದರು, ಸಂತೆ ಬೀದಿಯವರು ನಮ್ಮ ಓಣಿಯಿಂದ ಬಂತೆಂದರು. ಶಾಲೆ ಮುಚ್ಚಿತು. ಡಂಗುರ ಹೊಡೆಸಿ, ಬಿಸಿನೀರು ಕುಡಿಯಿರಿ, ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿರಿ, ಗುಂಪು ಕೂಡಬೇಡಿರಿ ಎಂದು ಸಾರಿದರು. ಆ ಡಂಗುರ ಕೇಳಲು ನಮ್ಮ ಓಣಿಯ ಬಾಯಲ್ಲಿ ಜನ ಗುಂಪು ಕೂಡಿದ್ದರು. ನಮ್ಮ ಮನೆಯಲ್ಲಿ ಮೊದಲು ಮಾವನವರು ಮಲಗಿದರು, ಆಮೇಲೆ ನಮ್ಮವರು, ಆಮೇಲೆ ನಾನು. ಅತ್ತೆಯವರು ಮಾತ್ರ ಮಲಗಲಿಲ್ಲ. "ನಾನೂ ಮಲಗಿದ್ರೆ ಕಷಾಯ ಕಾಸೋರು ಯಾರು" ಎಂದು ಅವರು ಗದರಿಕೊಂಡದ್ದಕ್ಕೆ ಜ್ವರವೇ ಹೆದರಿ ಹೋಯಿತೆಂದು ಮಾವನವರು ಹಾಸಿಗೆಯಲ್ಲಿದ್ದುಕೊಂಡೇ ಹೇಳಿದರು. ನಾಲ್ಕು ದಿನದ ಜ್ವರ, ಒಂದು ವಾರದ ಸುಸ್ತು, ಎರಡು ವಾರದ ಕಷಾಯ. ಮೂರರಲ್ಲಿ ಕೊನೆಯದೇ ಕಠಿಣ.

ಅತ್ತೆಯವರು ಹೊರಗಿನಿಂದ ಬಂದ ಯಾವ ವಸ್ತುವನ್ನೂ ಹಾಗೇ ಒಳಗೆ ಬಿಡುತ್ತಿರಲಿಲ್ಲ. ತರಕಾರಿಗೆ ಅರಿಸಿನದ ನೀರು, ಬಟ್ಟೆಗೆ ಬೇವಿನ ಹೊಗೆ, ಅಂಚೆಯಲ್ಲಿ ಬಂದ ಕಾಗದಕ್ಕೆ ಒಲೆಯ ಶಾಖ. ಕಾಗದವನ್ನು ಇಕ್ಕಳದಲ್ಲಿ ಹಿಡಿದು, ಹಪ್ಪಳ ಸುಡುವ ಹಾಗೆ ಕೆಂಡದ ಮೇಲೆ ಆ ಕಡೆ ಈ ಕಡೆ ತಿರುವಿ, ಆಮೇಲೆ ನಮ್ಮ ಕೈಗೆ ಕೊಡುತ್ತಿದ್ದರು. ನಮ್ಮಣ್ಣನ ಕಾಗದ ನನ್ನ ಕೈಸೇರಿದ್ದು ಹೀಗೆ, ಅಂಚೆಲ್ಲ ಹೊಂಬಣ್ಣಕ್ಕೆ ತಿರುಗಿ, ಗರಿಗರಿಯಾಗಿ. ಅತ್ತಿಗೆ ಹೆರಿಗೆಗೆ ತವರಾದ ಸೊರಬಕ್ಕೆ ಹೋಗಿದ್ದಳು. ಹೆಣ್ಣು ಮಗು. ಬರುವ ಬುಧವಾರ ಹದಿಮೂರನೆಯ ದಿನ, ಹನ್ನೆರಡು ಗಂಟೆಗೆ ರಾಹುಕಾಲ ಹಿಡಿಯುವುದರೊಳಗೆ ತೊಟ್ಟಿಲಿಗೆ ಹಾಕಿ ಹೆಸರಿಡಬೇಕು. ಇಷ್ಟು ಓದುವ ಹೊತ್ತಿಗೆ ನನ್ನ ಕಣ್ಣು ತುಂಬಿತ್ತು. ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಅಂದರೆ ಮಗುವಿನ ತಂದೆಯ ಅಕ್ಕ ಅಥವಾ ತಂಗಿ. ನಮ್ಮಣ್ಣನಿಗೆ ಇರುವವಳು ನಾನೊಬ್ಬಳೇ. ಹುಟ್ಟಿದ್ದು ಹೆಣ್ಣಾದರೆ ಕುಸುಮಾ ಎಂದು ಹೆಸರು ಆರಿಸಿ ಮೂರು ತಿಂಗಳ ಹಿಂದೆಯೇ ಬರೆದು ಕಳಿಸಿದ್ದೆ. ಆದರೆ ಕಾಗದದ ಕೊನೆಯಲ್ಲಿ, ಕೆಂಡಕ್ಕೂ ಸುಡಲಾಗದೆ ಉಳಿದ ಒಂದು ಸಾಲಿತ್ತು: "ಜ್ವರದ ಕಾಲ, ನಿನಗೆ ಬರಲಾಗದಿದ್ದರೆ ಯೋಚನೆ ಮಾಡಬೇಡ, ನಮ್ಮ ಗಂಗಕ್ಕ ಇಲ್ಲಿಗೆ ಬಂದಿದ್ದಾಳೆ."

ಗಂಗಕ್ಕ ಎಂದರೆ ನಮ್ಮ ದೊಡ್ಡಪ್ಪನ ಮಗಳು. ಒಳ್ಳೆಯವಳು, ಕೈ ಚುರುಕು, ಎಲ್ಲಿ ತೊಟ್ಟಿಲು ಕಟ್ಟಿದರೂ ಹೇಗೋ ಒಂದು ದಿನ ಮೊದಲೇ ಅಲ್ಲಿರುತ್ತಾಳೆ. ಈವರೆಗೆ ನಮ್ಮ ವಂಶದ ಏಳು ಮಕ್ಕಳಿಗೆ ಅವಳೇ ಹೆಸರಿಟ್ಟಿದ್ದಾಳೆ. ಅದರಲ್ಲಿ ಮೂವರಿಗೆ ಅವಳ ಅತ್ತೆಯ ಹೆಸರು. ಹೆಸರು ಏನೆಂದು ಮೊದಲೇ ಗೊತ್ತುಮಾಡಿದ್ದರೂ ಕಿವಿಯ ಹತ್ತಿರ ಬಾಗಿದಾಗ ಬಾಯಿಗೆ ತಾನಾಗಿ ಅದೇ ಬಂತು ಎನ್ನುತ್ತಾಳೆ. ಒಮ್ಮೆ ಕಿವಿಯಲ್ಲಿ ಬಿದ್ದ ಹೆಸರನ್ನು ಹಿಂದಕ್ಕೆ ತೆಗೆಯುವಂತಿಲ್ಲ. ನನ್ನ ಕುಸುಮಾ ಬುಧವಾರ ಮಧ್ಯಾಹ್ನದೊಳಗೆ ನಾಗರತ್ನಮ್ಮ ಆಗಿಬಿಡುವ ಅಪಾಯ ನನಗೆ ಸ್ಪಷ್ಟವಾಗಿ ಕಾಣಿಸಿತು. ಯೋಚನೆ ಮಾಡಬೇಡ ಎಂದು ಬರೆದಿದ್ದ ಅಣ್ಣನ ಮೇಲೆ ನನಗೆ ಬಂದ ಸಿಟ್ಟಿಗೆ ಆ ಕಾಗದವನ್ನು ಇನ್ನೊಮ್ಮೆ ಕೆಂಡದ ಮೇಲೆ ಹಿಡಿಯಬಹುದಿತ್ತು.

ಹೋಗಲು ಅಡ್ಡಿಯೇನೂ ಇರಲಿಲ್ಲ, ಒಂದು ಬಿದಿರು ಗಳುವಿನ ಹೊರತು. ಸೊರಬಕ್ಕೆ ಆಗಿನ್ನೂ ಜ್ವರ ಕಾಲಿಟ್ಟಿರಲಿಲ್ಲ. ಇಡಲು ಬಿಡಬಾರದೆಂದು ಊರಿನ ಹಿರಿಯರೆಲ್ಲ ಸೇರಿ, ಶಿಕಾರಿಪುರದ ದಾರಿ ಊರು ಮುಟ್ಟುವ ಜಾಗದಲ್ಲಿ ರಸ್ತೆಗೆ ಅಡ್ಡವಾಗಿ ಒಂದು ಬಿದಿರು ಗಳು ಕಟ್ಟಿಸಿದ್ದರು. ಪಕ್ಕದಲ್ಲಿ ಒಂದು ಚಪ್ಪರ, ಚಪ್ಪರದಲ್ಲಿ ಆರೋಗ್ಯದ ಇನ್ಸ್‌ಪೆಕ್ಟರು. ಒಳಗೆ ಬರುವವರು ಜ್ವರವಿಲ್ಲವೆಂದು ಡಾಕ್ಟರು ಬರೆದ ಚೀಟಿ ತೋರಿಸಬೇಕು, ಆ ಚೀಟಿ ಹಿಂದಿನ ದಿನದ್ದಾಗಿರಬೇಕು. ನೇರಳೆ ಬಣ್ಣದ ಔಷಧದ ನೀರಿನಲ್ಲಿ ಬಾಯಿ ಮುಕ್ಕಳಿಸಬೇಕು. ಮತ್ತು, ಚೀಟಿ ಇರಲಿ ಬಿಡಲಿ, ಕೆಮ್ಮುವವರನ್ನೂ ಸೀನುವವರನ್ನೂ ಬಂದ ಬಸ್ಸಿನಲ್ಲೇ ಹಿಂದಕ್ಕೆ ಕಳಿಸಬೇಕು. ನಾನು ಮಂಗಳವಾರ ಹೋಗಿ ಡಾಕ್ಟರ ಚೀಟಿ ತಂದೆ. ಅವರು ನಾಲಿಗೆ ನೋಡಿ, ನಾಡಿ ನೋಡಿ, "ನಿಮಗೆ ಒಂದ್ಸಲ ಬಂದು ಹೋಗೇತಲ್ಲಮ್ಮ, ಇನ್ನು ನೀವು ಕರೆದ್ರೂ ಅದು ಬರಾಂಗಿಲ್ಲ. ಧೈರ್ಯವಾಗಿ ಹೋಗ್ರಿ" ಎಂದರು. ನಮ್ಮವರಿಗೆ ಅಂಗಡಿ ಬಿಡುವಂತಿರಲಿಲ್ಲ. ಬಸ್ಸು ಹತ್ತಿಸುತ್ತೇನೆ, ಆ ಕಡೆ ಗಳುವಿನ ಹತ್ತಿರ ನಿಮ್ಮಣ್ಣ ಇಳಿಸಿಕೊಳ್ಳಲಿ ಎಂದರು. ಎಲ್ಲವೂ ಹೂವೆತ್ತಿದಷ್ಟು ಸುಲಭವಾಗಿತ್ತು.

ಬುಧವಾರ ಬೆಳಿಗ್ಗೆ ಹೊಸ ಇಳಕಲ್ಲು ಸೀರೆ ಉಟ್ಟು, ಮಗುವಿಗೆಂದು ಹೊಲಿದ ಕುಲಾವಿಯ ಗಂಟು ಹಿಡಿದು, ತೋಳಿಗೆ ಕಸೂತಿ ಹಾಕಿದ ಬಿಳಿಯ ಕರವಸ್ತ್ರ ಸಿಕ್ಕಿಸಿ, ಹೊಸ್ತಿಲ ಹತ್ತಿರ ಬಂದೆ. ಒಳಗೆ ಒಗ್ಗರಣೆಯ ಮೆಣಸಿನಕಾಯಿ ಸೀದಿತ್ತೆಂದು ಕಾಣುತ್ತದೆ. ಸೀನು ಬಂತು. ಬೆಕ್ಕಿನ ಮರಿಯದೇ, ಆದರೆ ಅತ್ತೆಯವರ ಕಿವಿಗೆ ಬಿತ್ತು.

"ನಿಲ್ಲು!" ಎಂದರು. ನಾನು ಒಂದು ಕಾಲು ಹೊಸ್ತಿಲಾಚೆ, ಒಂದು ಕಾಲು ಈಚೆ ನಿಂತೆ.

"ಒಂಟಿ ಸೀನು. ಕಾಲು ಹಿಂದಕ್ಕ ತಗೊ. ಕೂಸಿಗೆ ಹೆಸರಿಡಾಕ ಹೊಂಟಾಕಿ ಒಂಟಿ ಸೀನು ಸೀನಿ ಹೋಗಬ್ಯಾಡ."

"ಬಸ್ಸು ಹೋಗ್ತೈತವ್ವಾ" ಎಂದು ನಮ್ಮವರು ಹೊರಗಿನಿಂದ ಕೂಗಿದರು.

"ಹೋಗಲಿ ಬಿಡು, ಬಸ್ಸಿಗೇನು ನಾಳೆನೂ ಬರ್ತೈತಿ."

ಬಸ್ಸಿಗೆ ನಾಳೆ ಇತ್ತು, ಕುಸುಮಾಗೆ ಇರಲಿಲ್ಲ. ನನ್ನ ಮುಖ ನೋಡಿ ಅತ್ತೆಯವರಿಗೂ ಕನಿಕರ ಬಂದಿರಬೇಕು. ಒಳಗೆ ಹೋಗಿ ಮಾವನವರ ನಶ್ಯದ ಡಬ್ಬಿ ತಂದರು. "ಒಂದು ಚಿಟಿಕಿ ಏರಿಸು, ಜೋಡಿ ಮಾಡಿ ಹೋಗು" ಎಂದರು. ನಾನು ಹಿಂದೆ ಮುಂದೆ ನೋಡಿದೆ. ಕಾನ್ವೆಂಟಿನಲ್ಲಿ ಇದಕ್ಕೆ ಯಾವ ಕ್ರಮವೂ ಹೇಳಿಕೊಟ್ಟಿರಲಿಲ್ಲ. ಅಷ್ಟರಲ್ಲಿ ಅತ್ತೆಯವರೇ ನನ್ನ ಮೂಗಿಗೆ ಹಿಡಿದರು, ನಾನು ಉಸಿರೆಳೆದೆ. ಜೋಡಿ ಸೀನು ಬಂತು. ಅತ್ತೆ ತೃಪ್ತಿಯಿಂದ ತಲೆಯಾಡಿಸುವಷ್ಟರಲ್ಲಿ ಮೂರನೆಯದೂ ಬಂತು. "ಅಯ್ಯ, ಕೆಡಿಸಿದೆ! ಇನ್ನೊಂದು ಬರಲಿ" ಎಂದರು. ನಾಲ್ಕು ಬಂತು, ಅದರ ಬೆನ್ನಿಗೆ ಐದು. ಹೀಗೆ ಸಮ ಬೆಸ ಸಮ ಬೆಸ ಎಂದು ಆಡುತ್ತ ಹನ್ನೊಂದಕ್ಕೆ ಬಂದು ನಿಂತುಬಿಟ್ಟಿತು. ಅತ್ತೆ ಇನ್ನೊಂದು ಚಿಟಿಕೆ ಕೊಟ್ಟರು, ಹನ್ನೆರಡಾಯಿತು. "ಹಾಂ! ಈಗ ಓಡು, ಹದಿಮೂರು ಆಗೋದ್ರಾಗ ಓಡು!" ಎಂದು ನನ್ನ ತೋಳಿನಿಂದ ಕರವಸ್ತ್ರ ಎಳೆದು, ತಮ್ಮ ಬೆರಳಿನ ನಶ್ಯವನ್ನೂ ನನ್ನ ಮೂಗನ್ನೂ ಚೆನ್ನಾಗಿ ಒರೆಸಿ, ಅದನ್ನು ಮಡಿಸಿ ಮತ್ತೆ ತೋಳಿಗೆ ಸಿಕ್ಕಿಸಿ, ಬೆನ್ನು ತಟ್ಟಿ ಹೊರಗೆ ತಳ್ಳಿದರು. ಆ ಒರೆಸಿದ್ದರ ಮಹಿಮೆ ಆಗ ನನಗೆ ತಿಳಿಯಲಿಲ್ಲ.

ಬಸ್ಸಿನಲ್ಲಿ ಹೆಂಗಸರ ಸೀಟಿನಲ್ಲಿ ಜಾಗ ಸಿಕ್ಕಿತು. ಊರು ದಾಟುವ ಮೊದಲೇ ಒಂದು ಸೀನು ಬಂತು. ನಾನು ಸಂಸ್ಕಾರವಂತೆ, ತಕ್ಷಣ ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡೆ. ಒತ್ತಿಕೊಂಡಿದ್ದಕ್ಕೆ ಇನ್ನೊಂದು ಬಂತು. ಇನ್ನೂ ಗಟ್ಟಿಯಾಗಿ ಒತ್ತಿಕೊಂಡೆ, ಇನ್ನೂ ಎರಡು ಬಂದವು. ಎಷ್ಟು ಮರ್ಯಾದೆಯಿಂದ ಸೀನುತ್ತೇನೋ ಅಷ್ಟು ಸೀನು ಹೆಚ್ಚುತ್ತಿತ್ತು. ಬೆಕ್ಕಿನ ಮರಿ ಬೆಳೆದು ಬೆಕ್ಕಾಯಿತು, ಶಿರಾಳಕೊಪ್ಪ ಮುಟ್ಟುವುದರೊಳಗೆ ಅದು ಮಾವನವರ ಮಟ್ಟಕ್ಕೆ ಏರಿತು. ಮೊದಲು ಪಕ್ಕದವಳು ಎದ್ದು ಹೋದಳು. ಆಮೇಲೆ ಹಿಂದಿನ ಸೀಟಿನವರು. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ನನ್ನ ಸುತ್ತ ಮಾತ್ರ ಒಂದು ಅಂಗಳದಷ್ಟು ಜಾಗ. ನನಗೆ ಕಣ್ಣಲ್ಲಿ ನೀರು, ಮೂಗು ಹಣ್ಣುಮೆಣಸಿನಕಾಯಿಯಂತೆ ಕೆಂಪು.

ಕಂಡಕ್ಟರು ದೂರದಿಂದಲೇ, "ಯಕ್ಕಾ, ಸೊರಬದಾಗ ಗಳ ಹಾಕ್ಯಾರ, ಗೊತ್ತೈತಿಲ್ಲ?" ಎಂದ.

"ನನಗೆ ಜ್ವರ ಇಲ್ಲ ರೀ" ಎಂದೆ. ಅದನ್ನು ಹೇಳಿ ಸೀನಿದೆ.

"ನನಗೇನು ಹೇಳ್ತೀರಿ, ನಿಮ್ಮ ಮೂಗಿಗೆ ಹೇಳ್ರಿ" ಎಂದ. ಬಸ್ಸೆಲ್ಲ ನಕ್ಕಿತು, ಕೈಯಿಂದ ಮೂಗು ಮುಚ್ಚಿಕೊಂಡೇ ನಕ್ಕಿತು.

ಶಿರಾಳಕೊಪ್ಪದಲ್ಲಿ ಒಬ್ಬ ಹಿರಿಯ ಹೆಂಗಸು ಹತ್ತಿದರು. ದೊಡ್ಡ ಕುಂಕುಮ, ತೋಳಲ್ಲಿ ವಂಕಿ, ಕುಪ್ಪಗಡ್ಡೆ ಕಡೆಯ ಗೌಡತಿ ಎಂದು ಆಮೇಲೆ ತಿಳಿಯಿತು. ನನ್ನ ಸುತ್ತಲಿನ ಖಾಲಿ ಜಾಗ ಕಂಡು ಅವರು ಬಲು ಸಂತೋಷದಿಂದ ಬಂದು ನನ್ನ ಪಕ್ಕದಲ್ಲೇ ಕೂತರು. ನಾನು ಸೀನಿದೆ. ಅವರು ಏಳಲಿಲ್ಲ. ತಲೆ ಓರೆ ಮಾಡಿ, ಸಂಗೀತ ಕೇಳುವವರ ಹಾಗೆ ಕೇಳಿದರು. ಮತ್ತೊಮ್ಮೆ ಸೀನಿದೆ. "ಹ್ಞೂಂ" ಎಂದರು. ಅಷ್ಟೇ. ಕಿಟಕಿಯಾಚೆ ಗದ್ದೆ ನೋಡುತ್ತ ಕೂತರು. ಈ ಹೆಂಗಸಿಗೆ ಜೀವದ ಮೇಲೆ ಆಸೆಯಿಲ್ಲವೇ ಎಂದು ನನಗೇ ಭಯವಾಗಿ, "ನನಗೆ ಜ್ವರ ಇಲ್ಲ ರೀ" ಎಂದು ಅವರಿಗೂ ಹೇಳಿದೆ. "ಗೊತ್ತು ಬಿಡು ತಂಗಿ" ಎಂದರು. ನಾನಂತೂ ಆ ಬಸ್ಸಿನಲ್ಲಿ ಇದೇ ಮಾತನ್ನು ಮಂತ್ರದ ಹಾಗೆ ಜಪಿಸುತ್ತಿದ್ದೆ. ಗಳುವಿನ ಹತ್ತಿರ ಯಾವ ದನಿಯಲ್ಲಿ ಹೇಳಿದರೆ ನಂಬುತ್ತಾರೆ, ನಗುತ್ತ ಹೇಳಲೋ ಗಂಭೀರವಾಗಿ ಹೇಳಲೋ, ಮೊದಲು ಚೀಟಿ ಕೊಟ್ಟು ಹೇಳಲೋ ಹೇಳಿ ಚೀಟಿ ಕೊಡಲೋ, ಹೀಗೆ.

ಗಳು ಬಂತು. ಬಸ್ಸು ನಿಂತಾಗ ಇನ್ನೂ ಹನ್ನೊಂದು ಹೊಡೆದಿರಲಿಲ್ಲ. ಗಳುವಿನ ಆಚೆ ನಮ್ಮಣ್ಣ ನಿಂತಿದ್ದ. ಅವನ ಪಕ್ಕದಲ್ಲಿ ಅವನ ಮಾವ, ನಮ್ಮ ಬೀಗರು. ಜರಿ ಪೇಟ, ಮುಚ್ಚುಕೋಟು, ಕೈಯಲ್ಲಿ ಸರಪಳಿಯ ಗಡಿಯಾರ. ಸೊಸೆಯಾಗಿ ಹೋದ ಮನೆಯಲ್ಲಿ ಒಂದು ಮಾತು ಬಂದರೂ ತಡೆಯಬಹುದು, ಬೀಗರ ಮುಂದೆ ಮೂಗು ಒರೆಸಿಕೊಳ್ಳುವುದು ಯಾವ ಹೆಣ್ಣಿಗೂ ಬೇಡ. ನಾನು ಕಷ್ಟಪಟ್ಟು ಉಸಿರು ಬಿಗಿಹಿಡಿದು, ಕಾನ್ವೆಂಟಿನಲ್ಲಿ ಕಲಿಸಿದಂತೆ ಬೆನ್ನು ನೆಟ್ಟಗೆ ಮಾಡಿಕೊಂಡು ಇಳಿದೆ. ಎಲ್ಲರೂ ಸಾಲಾಗಿ ನಿಂತರು. ಇನ್ಸ್‌ಪೆಕ್ಟರು ಕನ್ನಡಕದ ಸಣಕಲು ಮನುಷ್ಯರು, ಮೈಸೂರು ಕಡೆಯವರು, ಯಾರಿಗೂ ಗದರದೆ ಪ್ರತಿಯೊಬ್ಬರಿಗೂ ನಮಸ್ಕಾರ ಹೇಳಿ ನಾಲಿಗೆ ತೋರಿಸಿ ಎನ್ನುತ್ತಿದ್ದರು. ನನ್ನ ಸರದಿ ಬಂತು. ಚೀಟಿ ಕೊಟ್ಟೆ. ಅವರು ಓದಿದರು. "ಸಂತೋಷ. ನಾಲಿಗೆ ತೋರಿಸಿ ತಾಯಿ" ಎಂದರು. ತೋರಿಸಲು ಬಾಯಿ ತೆರೆದೆ. ಹಿಡಿದಿಟ್ಟದ್ದೆಲ್ಲ ಹೊರಗೆ ಬಂತು.

ಅವರ ಮೇಜಿನ ಮೇಲಿನ ಚೀಟಿಗಳೆಲ್ಲ ಹಾರಿದವು. ನಾನು ಕರವಸ್ತ್ರ ಒತ್ತಿಕೊಂಡೆ. ಮತ್ತೆ ನಾಲ್ಕು.

ಇನ್ಸ್‌ಪೆಕ್ಟರು ಚೀಟಿಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸಿ, ತುಂಬ ವ್ಯಸನದಿಂದ ಹೇಳಿದರು: "ದಯವಿಟ್ಟು ತಪ್ಪು ತಿಳಿಯಬೇಡಿ. ಸೀನುವವರನ್ನು ಬಿಡುವಂತಿಲ್ಲ. ಇದೇ ಬಸ್ಸು ಅರ್ಧ ಗಂಟೆಗೆ ಹಿಂದಕ್ಕೆ ಹೋಗುತ್ತದೆ."

"ನನಗೆ ಜ್ವರ ಇಲ್ಲ ರೀ" ಎಂದೆ. ಜಪಿಸಿದ ದನಿಗಳಲ್ಲಿ ಒಂದೂ ಬರಲಿಲ್ಲ. ಅಳುದನಿ ಬಂತು.

"ಎಲ್ಲರೂ ಹಾಗೇ ಹೇಳುತ್ತಾರೆ ತಾಯಿ."

ಅಣ್ಣ ಗಳುವಿನ ಆಚೆಯಿಂದ, "ಸ್ವಾಮಿ, ಅವಳು ಮಗುವಿಗೆ ಸೋದರತ್ತೆ. ಅವಳೇ ಹೆಸರಿಡಬೇಕು" ಎಂದ. ಇನ್ಸ್‌ಪೆಕ್ಟರು, "ಮಗುವಿರುವ ಮನೆ ಎಂದ ಮೇಲೆ ಇನ್ನೂ ಬಿಡುವಂತಿಲ್ಲ" ಎಂದರು. ಅದು ಸರಿಯಾದ ಮಾತು. ನಾನೂ ಅವರ ಜಾಗದಲ್ಲಿದ್ದರೆ ಅದನ್ನೇ ಹೇಳುತ್ತಿದ್ದೆ. ಅದು ಸರಿಯಾಗಿದ್ದದ್ದೇ ನನಗೆ ಹೆಚ್ಚು ದುಃಖ. ಆಗ ಬೀಗರು ಗಡಿಯಾರ ನೋಡಿಕೊಂಡರು. ಬಹಳ ಮೃದುವಾಗಿ, ನನ್ನನ್ನು ಸಮಾಧಾನ ಮಾಡುವುದಕ್ಕೆಂದೇ, "ಆಯ್ತಮ್ಮ, ನೀ ಎಂತಕ್ಕೆ ಬೇಜಾರು ಮಾಡ್ಕಳ್ತೆ. ಹೊತ್ತಾತು. ಗಂಗಕ್ಕ ಇದ್ದಾಳಲ, ಮಾಡ್ತಾಳೆ" ಎಂದರು.

ಗಂಗಕ್ಕ ಇದ್ದಾಳೆ! ನನ್ನ ಕಣ್ಣ ಮುಂದೆ ಗಂಗಕ್ಕ ತೊಟ್ಟಿಲ ಮೇಲೆ ಬಾಗಿದಳು. ನಾನು ಓದಿದ ಹತ್ತು ವರ್ಷದ ಕಾನ್ವೆಂಟು, ಹೊಲಿಗೆಯ ಸಿಸ್ಟರ್, ಮನೆತನ, ಬೀಗರ ಜರಿ ಪೇಟ, ಯಾವುದೂ ನೆನಪಿಗೆ ಬರಲಿಲ್ಲ. "ನನಗೆ ಜ್ವರ ಇಲ್ಲ ರೀ! ನಾನು ನಶ್ಯ ಹಾಕಿದ್ದೇನೆ!" ಎಂದು ಸೊರಬಕ್ಕೆಲ್ಲ ಕೇಳುವಂತೆ ಕೂಗಿದೆ.

ಸಾಲಿನಲ್ಲಿ ನಿಂತವರೆಲ್ಲ ನನ್ನ ಕಡೆ ತಿರುಗಿದರು. ಬಾಯಿ ಮುಕ್ಕಳಿಸುತ್ತಿದ್ದ ಒಬ್ಬಾತ ನೇರಳೆ ನೀರನ್ನು ನುಂಗಿಬಿಟ್ಟ. ಅಣ್ಣ ನೆಲ ನೋಡಿದ. ಬೀಗರು ಗಡಿಯಾರವನ್ನು ಜೇಬಿಗೆ ಹಾಕಲು ಹೋಗಿ ಜೇಬು ಸಿಗದೆ ಹುಡುಕಿದರು. ಗಂಡಸರು ಹಾಕಿದರೆ ಅಭ್ಯಾಸ, ಮುದುಕಿಯರು ಹಾಕಿದರೆ ಚಟ, ಇಪ್ಪತ್ತೈದು ತುಂಬದ, ಇಂಗ್ಲಿಷ್ ಓದಿದ, ಇಳಕಲ್ಲು ಸೀರೆಯ ಹೆಣ್ಣುಮಗಳು ಹಾಕಿದರೆ ಅದಕ್ಕೆ ಏನೆನ್ನಬೇಕೆಂದು ಯಾರಿಗೂ ತೋಚಲಿಲ್ಲ. ಅತ್ತೆಯವರು ಜೋಡಿ ಸೀನಿಗಾಗಿ ಕೊಟ್ಟದ್ದು ಎಂದು ವಿವರಿಸಲು ಬಾಯಿ ತೆರೆದೆ, ಸೀನು ಬಂದು ಅದು ಅಲ್ಲಿಗೇ ನಿಂತಿತು.

ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ನಶ್ಯ? ತಾವು? ಜ್ವರ ಮುಚ್ಚಿಡಲು ಜನ ಏನೇನೋ ಹೇಳಿದ್ದಾರೆ, ಇದನ್ನು ಇವತ್ತೇ ಕೇಳಿದ್ದು. ನಂಬುವುದು ಹೇಗೆ?"

"ನಾ ಹೇಳ್ತೆ ಹೇಗಂತ" ಎಂದು ಹಿಂದಿನಿಂದ ಕುಪ್ಪಗಡ್ಡೆಯ ಗೌಡತಿ ಮುಂದೆ ಬಂದರು. "ಬಸ್ಸಲ್ಲಿ ಕೂತಾಗ್ಲೇ ನಂಗೆ ಗೊತ್ತಾಯ್ತು ಮಾರಾಯ್ರೆ. ಜ್ವರದ ಸೀನು ಒಣಾ ಇರ್ತದೆ. ಇದು ನಶ್ಯದ್ದು, ತುಂಬು ಸೀನು. ಪಾಪ, ಎಳೇ ಹೆಣ್ಣು, ಮರ್ಯಾದಿಗೆ ಅಂಜಿ ಹೇಳ್ತಾ ಇಲ್ಲ, ನಾ ಎಂತಕ್ಕೆ ಹೇಳಲಿ ಅಂತ ಸುಮ್ಮನಿದ್ದೆ." ಹೀಗೆಂದು ನನ್ನ ಕೈಯಿಂದ ಕರವಸ್ತ್ರ ತೆಗೆದು ಬಿಚ್ಚಿದರು. ನನ್ನ ಕಸೂತಿ ಹೂವಿನ ಮೇಲೆಲ್ಲ ಕಂದು ಹುಡಿ ಕೂತಿತ್ತು. ಅವರು ಅದನ್ನು ಮೂಗಿನಿಂದ ಒಂದು ಗೇಣು ದೂರ ಹಿಡಿದು, ಕಣ್ಣು ಮುಚ್ಚಿ, ಮೆಲ್ಲಗೆ ಉಸಿರೆಳೆದರು. "ತುಪ್ಪದಲ್ಲಿ ಹುರಿದದ್ದು. ಚೂರು ಸುಣ್ಣ ಹೆಚ್ಚಾಗಿದೆ. ಆದ್ರೂ ಒಳ್ಳೇ ಮಾಲು. ಎಲ್ಲಿ ತಗೊಳ್ತೆ ತಂಗಿ?"

"ನಮ್ಮ ಮಾವನವರದ್ದು" ಎಂದೆ. ಅದರಿಂದ ನನ್ನ ಮರ್ಯಾದೆ ಹೆಚ್ಚಿತೋ ಕಮ್ಮಿಯಾಯಿತೋ ಇವತ್ತಿಗೂ ತಿಳಿದಿಲ್ಲ.

"ಮಗಾ, ನಶ್ಯ ಒರೆಸ್ಕೊಂಡ ವಸ್ತ್ರನೇ ಮತ್ತೆ ಮತ್ತೆ ಮೂಗಿಗೆ ಒತ್ಕೊಂಡ್ರೆ ಸೀನು ನಿಲ್ತದಾ? ಇದನ್ನ ಶಾಲೆಯಲ್ಲಿ ಹೇಳ್ಕೊಡ್ಲಿಲ್ವ?" ಎಂದರು ಗೌಡತಿ. ನನಗೆ ಆಗ ಹೊಳೆಯಿತು. ಶಾಲೆಯಲ್ಲಿ ಹೇಳಿಕೊಟ್ಟದ್ದೇ ಅದು.

ಆದರೆ ಇನ್ಸ್‌ಪೆಕ್ಟರು ಇನ್ನೊಬ್ಬರ ಮೂಗಿನ ಮೇಲೆ ನಂಬಿಕೆಯಿಡುವವರಲ್ಲ. ಗಳುವಿನಡಿ ನುಸುಳಿ ಈಚೆ ಬಂದು, ಮೊದಲು ನನ್ನ ಬಾಯಿಗೆ ಥರ್ಮಾಮೀಟರ್ ಇಟ್ಟರು. ತೆಗೆದು ನೋಡಿದರು, ಒಂದು ಗೆರೆ ಕೂಡ ಹೆಚ್ಚಿರಲಿಲ್ಲ. ಅಷ್ಟಕ್ಕೆ ಬಿಡಬಹುದಿತ್ತು. ಅವರು ಪ್ರಾಮಾಣಿಕರು, "ವಸ್ತುವನ್ನು ಖುದ್ದು ಪರೀಕ್ಷೆ ಮಾಡದೆ ಪುಸ್ತಕದಲ್ಲಿ ಬರೆಯಲಾಗುವುದಿಲ್ಲ" ಎಂದು ಕರವಸ್ತ್ರವನ್ನು ತಾವೇ ಕೈಗೆ ತೆಗೆದುಕೊಂಡು, ಗೌಡತಿ "ದೂರ, ದೂರ ಹಿಡೀರಿ" ಎನ್ನುವಷ್ಟರಲ್ಲಿ ಪೂರಾ ಮೂಗಿಗೇ ಒತ್ತಿಕೊಂಡು ಉಸಿರೆಳೆದರು.

ಸಣಕಲು ದೇಹದಲ್ಲಿ ಅಷ್ಟು ದೊಡ್ಡ ಸೀನುಗಳು ಇರುತ್ತವೆಂದು ನಾನು ತಿಳಿದಿರಲಿಲ್ಲ. ಕನ್ನಡಕ ಒಂದು ಕಡೆ ಹೋಯಿತು, ಪೆನ್ನು ಒಂದು ಕಡೆ ಹೋಯಿತು. ಕಂಡಕ್ಟರು ಬಸ್ಸಿನ ಮೆಟ್ಟಿಲ ಮೇಲೆ ನಿಂತು ಎಣಿಸಿದ. ಒಂಬತ್ತಕ್ಕೆ ನಿಂತಾಗ, "ಸಾಹೇಬ್ರೆ, ಬೆಸ ಆತು" ಎಂದ. ನಗಬಾರದೆಂದು ತುಟಿ ಕಚ್ಚಿ ನಿಂತವರೆಲ್ಲ ಒಟ್ಟಿಗೆ ನಕ್ಕರು. ಬೀಗರು ನಕ್ಕರು. ನಕ್ಕದ್ದರಲ್ಲಿ ಅವರ ಪೇಟ ಹಿಂದಕ್ಕೆ ಜಾರಿತು, ಆಗ ಅವರು ಮೊದಲಿನಷ್ಟು ಭಯ ಹುಟ್ಟಿಸಲಿಲ್ಲ.

ಆಮೇಲೆ ಒಂದು ಕಾನೂನಿನ ತೊಡಕು ಎದ್ದಿತು. ಪರೀಕ್ಷೆ ಮಾಡುವಾಗ ಇನ್ಸ್‌ಪೆಕ್ಟರು ಗಳುವಿನ ಈಚೆ, ನಮ್ಮ ಕಡೆ ನಿಂತಿದ್ದರು. ಅವರ ಮೇಜಿದ್ದದ್ದು ಆಚೆ. ಸೀನುವವರನ್ನು ಒಳಗೆ ಬಿಡುವಂತಿಲ್ಲ. ಗೌಡತಿಯೇ ಅದನ್ನು ಎತ್ತಿ ಹೇಳಿದ್ದು. "ನೀವೀಗ ಶಿಕಾರಿಪುರಕ್ಕೆ ಹೋಗ್ಬೇಕಾ ಮತ್ತೆ?" ಇನ್ಸ್‌ಪೆಕ್ಟರು ನಗಲಿಲ್ಲ. ಯೋಚಿಸಿದರು. ಥರ್ಮಾಮೀಟರನ್ನು ತೊಳೆದು ತಮ್ಮ ಬಾಯಿಗೇ ಇಟ್ಟುಕೊಂಡು, ಪೂರ್ತಿ ಹೊತ್ತು ಕಾದು, ತೆಗೆದು ನೋಡಿ, ಜ್ವರವಿಲ್ಲವೆಂದು ತಮ್ಮ ಹೆಸರಿಗೆ ತಾವೇ ಒಂದು ಚೀಟಿ ಬರೆದರು. ಇನ್ನೊಂದನ್ನು ನನಗೆ ಬರೆದರು. ಅದರಲ್ಲಿ "ಸೀನು: ನಶ್ಯದ ಕಾರಣ" ಎಂದು ಗುಂಡಗಿನ ಅಕ್ಷರದಲ್ಲಿ ಸ್ಪಷ್ಟವಾಗಿ ಬರೆದಿದ್ದರು. ನನ್ನ ಕರವಸ್ತ್ರವನ್ನು ನೇರಳೆ ನೀರಿನ ಬಕೇಟಿಗೆ ಹಾಕಿದರು. ನಾವಿಬ್ಬರೂ ಬಾಯಿ ಮುಕ್ಕಳಿಸಿ, ಚೀಟಿ ಹಿಡಿದುಕೊಂಡು, ಒಬ್ಬರ ಹಿಂದೆ ಒಬ್ಬರು ಗಳು ದಾಟಿದೆವು.

ಕರವಸ್ತ್ರ ಹೋದದ್ದೇ ಸೀನೂ ಹೋಯಿತು. ಆದರೆ ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಬಾಗಿಲಲ್ಲಿ ನಿಂತ ಹೆಂಗಸರೆಲ್ಲ ನನ್ನ ಮುಖ ನೋಡಲಿಲ್ಲ, ಮೂಗು ನೋಡಿದರು. ಹನ್ನೆರಡಕ್ಕೆ ಇನ್ನು ಕಾಲು ಗಂಟೆ. ಗಂಗಕ್ಕ ಸೆರಗು ಸಿಕ್ಕಿಸಿಕೊಂಡು ತೊಟ್ಟಿಲ ಹತ್ತಿರ ಸಿದ್ಧಳಾಗಿ ನಿಂತಿದ್ದಳು. ನನ್ನನ್ನು ಕಂಡು, "ಬಂದೆಯಾ? ನಶ್ಯದ ಮೂಗಲ್ಲಿ ಎಳೇ ಕೂಸಿನ ಕಿವಿಗೆ ಬಾಗೋದು ಎಷ್ಟು ಸರಿ ನೋಡು, ನೀನೇ ಹೇಳು" ಎಂದಳು. ಹೊಡೆತ ಜಾಗ ನೋಡಿಯೇ ಬಿದ್ದಿತ್ತು. ಅಷ್ಟರಲ್ಲಿ ಬೀಗರು ಹೊರಗಿನಿಂದ, "ಸರ್ಕಾರದ ಚೀಟಿ ಇರೋದು ಈ ಮನೆಯಲ್ಲಿ ಅವಳೊಬ್ಬಳ ಹತ್ರವೇ. ನಿಮ್ಮಲ್ಲಿ ಮತ್ತೆ ಯಾರ ಹತ್ರ ಇದೆ, ತೋರಿಸಿ" ಎಂದರು. ಯಾರೂ ತೋರಿಸಲಿಲ್ಲ. ಗಂಗಕ್ಕ ಸರಿದು ನಿಂತಳು.

ಅತ್ತಿಗೆ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದಳು. ಕೆಂಪಗೆ, ಮುಷ್ಟಿ ಬಿಗಿದುಕೊಂಡು, ನನ್ನ ಅಂಗೈಗಿಂತ ಚೂರು ದೊಡ್ಡ ಮುಖ. ನಾನು ಬಾಗಿದೆ. ನಮ್ಮಲ್ಲಿ ಸೋದರತ್ತೆ ಹೆಸರು ಹೇಳುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಅದು ವಾಡಿಕೆ, ಗುದ್ದಿಗೆ ಹೆದರದೆ ಹೇಳಿದ ಹೆಸರು ಗಟ್ಟಿಯಾಗಿ ನಿಲ್ಲುತ್ತದಂತೆ. ಆದರೆ ಶಿಕಾರಿಪುರದಿಂದ ಬಂದವಳನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಹಾಗೆಂದು ಗುದ್ದದೆ ಬಿಡುವ ಮನಸ್ಸೂ ಇರಲಿಲ್ಲ. ಒಬ್ಬಳು ಬೀಸಣಿಗೆ ತಂದಳು, ಒಬ್ಬಳು ಊದುಗೊಳವೆ ತಂದಳು, ಗಂಗಕ್ಕ ಒಳಗಿನಿಂದ ಮುದ್ದೆ ತಿರುವುವ ಕೋಲನ್ನೇ ತಂದಳು. ಎಲ್ಲರೂ ಆದಷ್ಟು ದೂರ ನಿಂತು ಆ ಆಯುಧಗಳಿಂದ ನನ್ನ ಬೆನ್ನಿಗೆ ಬಡಿಯತೊಡಗಿದರು. ಗಂಗಕ್ಕನ ಕೋಲು ಯಾವುದೆಂದು ನೋಡದೆಯೂ ತಿಳಿಯುತ್ತಿತ್ತು. ಇತ್ತ ಕಿವಿಯ ಹತ್ತಿರ ಬಾಯಿಟ್ಟ ನನಗೆ ಸೀನು ಬಂದರೇನು ಗತಿ ಎಂಬ ಭಯ. ಉಸಿರು ಬಿಗಿಹಿಡಿದೆ, ಬಾಯಿ ತೆರೆದೆ, ಬೆಳಿಗ್ಗೆಯಿಂದ ನಾಲಿಗೆಯ ತುದಿಯಲ್ಲಿ ಕೂತಿದ್ದದ್ದು ತಾನಾಗಿ ಹೊರಬಂತು. ಹುಟ್ಟಿ ಹದಿಮೂರು ದಿನದ ನನ್ನ ಸೋದರಸೊಸೆಯ ಕಿವಿಯಲ್ಲಿ ನಾನು ಮೊಟ್ಟಮೊದಲು ಹೇಳಿದ ಮಾತು, "ನನಗೆ ಜ್ವರ ಇಲ್ಲ ರೀ."

ಬಡಿಯುವ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಮಗು ಮಾತ್ರ ಕಣ್ಣು ಬಿಟ್ಟು, ಇನ್ಸ್‌ಪೆಕ್ಟರು ನೋಡಿದ ಹಾಗೆಯೇ ಒಮ್ಮೆ ನೋಡಿತು. ನಾನು ಗಾಬರಿಯಿಂದ ಕುಸುಮಾ, ಕುಸುಮಾ, ಕುಸುಮಾ ಎಂದು ಮೂರಕ್ಕೆ ಬದಲು ಆರು ಸಲ ಹೇಳಿ ಮುಗಿಸಿದೆ. ಗಂಗಕ್ಕನನ್ನು ನಾನು ಇನ್ನು ಯಾವತ್ತೂ ಆಡಿಕೊಳ್ಳುವಂತಿಲ್ಲ ಎಂಬುದು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ತಿಳಿಯಿತು. ಕಿವಿಯ ಹತ್ತಿರ ಬಾಗಿದಾಗ ಬಾಯಿಗೆ ತಾನಾಗಿ ಬರುವುದು ನಿಜ.

ಕುಸುಮಾಗೆ ಈಗ ಎರಡು ವರ್ಷ ತುಂಬಿದೆ. ಒಂದು ದಿನಕ್ಕೂ ಮೈ ಬಿಸಿಯಾಗಿಲ್ಲ ಎಂದು ಅತ್ತಿಗೆ ಬರೆಯುತ್ತಾಳೆ. ಬೀಗರ ಮನೆಯವರು ಚಂದ್ರಗುತ್ತಿಯ ಅಮ್ಮನವರ ಕೃಪೆ ಎನ್ನುತ್ತಾರೆ, ನಮ್ಮ ಅತ್ತೆಯವರು ಹನ್ನೆರಡು ಸೀನಿನ ಶಕುನ ಎನ್ನುತ್ತಾರೆ, ಗಂಗಕ್ಕ ತನ್ನ ಕೋಲಿನ ಮಹಿಮೆ ಎನ್ನುತ್ತಾಳೆ. ನಾನು ಎಲ್ಲರಿಗೂ ಹೌದು ಎನ್ನುತ್ತೇನೆ. ಆದರೆ ಹೋದ ವಾರ ಬಂದ ಕಾಗದದಲ್ಲಿ ಅತ್ತಿಗೆ ಒಂದು ಸಂಗತಿ ಬರೆದು ನನ್ನನ್ನು ವಿಚಾರಿಸಿದ್ದಾಳೆ. ಹುಡುಗಿಗೆ ಮಾತು ಚೆನ್ನಾಗಿ ಬರುತ್ತಿದೆಯಂತೆ, ಆದರೆ ಮನೆಯಲ್ಲಿ ಯಾರಿಗೂ ಹೋಗು ಬಾ ಎನ್ನುವುದಿಲ್ಲವಂತೆ. ಅಪ್ಪನಿಗೆ ರೀ, ಅಮ್ಮನಿಗೆ ರೀ, ಹಾಲು ಕುಡಿಯಲು ಬಂದ ಬೆಕ್ಕಿಗೂ "ಹೋಗ್ರೀ". ಯಾರು ಕಲಿಸಿದರೋ ತಿಳಿಯದು, ನಿಮ್ಮ ಕಾನ್ವೆಂಟಿನ ಪುಸ್ತಕದಲ್ಲಿ ಇದಕ್ಕೇನಾದರೂ ಕಾರಣ ಹೇಳಿದ್ದಾರೆಯೇ ಎಂದು ಕೇಳಿದ್ದಾಳೆ. ಆ ಕಾಗದಕ್ಕೆ ನಾನಿನ್ನೂ ಉತ್ತರ ಬರೆದಿಲ್ಲ.